ಕಾಯೋ ಕಾಲ, ಭಾಗ 5: “ದೇವರ ಸಮಯ” ಅನ್ನೋ ಕಾಮೆಂಟ್

(1/4)

ಫೋಟೋದಲ್ಲಿರೋದು ಸಾವನದುರ್ಗ, ಬೆಳಗ್ಗೆ ಆರೂವರೆಗೆ, ಅರ್ಧ ಮಂಜಲ್ಲಿ. ಚೆನ್ನಾಗಿ ಬಂದಿದೆ ಅಂತ ಹಾಕಿದ್ದೀನಿ ಅಷ್ಟೇ. ಇವತ್ತಿನ ವಿಷಯಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ.

ಇವತ್ತು ನನ್ನದೇ ಒಂದು ತಪ್ಪಿಂದ ಶುರು ಮಾಡ್ತೀನಿ. ನಮ್ಮ ಸಭೆಯಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವರಾದ ಒಬ್ಬ ಅಕ್ಕ ಇದ್ದಾರೆ. ಡಿಗ್ರಿ ಮುಗಿಸಿ ಸರ್ಕಾರಿ ಕೆಲಸಕ್ಕೆ ಓದ್ತಿದ್ದಾರೆ. ಅವರು ಬರೆದ ಒಂದು ಪರೀಕ್ಷೆಯ ಫಲಿತಾಂಶ ಮುಂದಕ್ಕೆ ಹೋಗ್ತಾನೇ ಇತ್ತು. ಒಂದಿನ ಪುಸ್ತಕದ ರಾಶಿಯ ಫೋಟೋ ಸ್ಟೋರಿಗೆ ಹಾಕಿ, ಕೆಳಗೆ “ಸಾಕಾಯ್ತು” ಅಂತ ಒಂದೇ ಮಾತು ಬರೆದಿದ್ರು. ನಾನು ಮಾಗಡಿ ಬಸ್ಸಲ್ಲಿ ನಿಂತ್ಕೊಂಡೇ, ಒಂದು ಸೆಕೆಂಡೂ ಯೋಚನೆ ಮಾಡದೆ, “ದೇವರ ಸಮಯ ಪರ್ಫೆಕ್ಟ್ ಅಕ್ಕ” ಅಂತ ಟೈಪ್ ಮಾಡಿ, ಕೈಮುಗಿಯೋ ಇಮೋಜಿ ಸೇರಿಸಿ ಕಳಿಸಿದೆ.

ಹತ್ತು ನಿಮಿಷ ಬಿಟ್ಟು ಉತ್ತರ ಬಂತು: “ಈ ಲೇಟ್ ದೇವರು ಮಾಡಿದ್ದು ಅಂತ ನಿಂಗೆ ಯಾರು ಹೇಳಿದ್ರು?”

ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ. ಲೈಕ್ ಒತ್ತಿ ಫೋನ್ ಜೇಬಿಗೆ ಹಾಕ್ಕೊಂಡೆ. (ಆ ಮಾತಿಗೆ ಲೈಕ್ ಒತ್ತೋರು ಯಾರಾದ್ರೂ ಇದ್ದಾರಾ? ನಾನಿದ್ದೀನಿ.)

(2/4)

ಅಕ್ಕನ ಪ್ರಶ್ನೆ ನಿಮಗೆ ಕಟುವಾಗಿ ಕೇಳಿಸ್ತಾ? ಹಾಗಾದ್ರೆ ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡಿ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೀತು. ಐವತ್ತು ಸಾವಿರಕ್ಕಿಂತ ಜಾಸ್ತಿ ಜನ ಬರೆದ್ರು. 2022ರ ಜನವರಿಯಲ್ಲಿ ಆಯ್ಕೆ ಪಟ್ಟಿ ಬಂತು. ಆಮೇಲೆ ಓಎಂಆರ್ ಶೀಟ್ ತಿದ್ದಿದ್ದು, ಬ್ಲೂಟೂತ್ ಬಳಸಿದ್ದು ಒಂದೊಂದಾಗಿ ಹೊರಗೆ ಬಂತು. ಏಪ್ರಿಲ್‌ನಲ್ಲಿ ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದು ಮಾಡ್ತು. ಕೋರ್ಟು, ಕಚೇರಿ ಎಲ್ಲಾ ಮುಗಿದು ಮರುಪರೀಕ್ಷೆ ನಡೆದಿದ್ದು 2024ರ ಜನವರಿ 23ಕ್ಕೆ. ಅಂದ್ರೆ ಎರಡು ವರ್ಷ ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಪ್ರಾಮಾಣಿಕವಾಗಿ ಬರೆದವನ ವಯಸ್ಸು ನಿಂತಿರುತ್ತಾ? ಮನೆ ಸಾಲ ನಿಂತಿರುತ್ತಾ?

ಆ ಹುಡುಗನ ಹತ್ರ ಹೋಗಿ “ದೇವರ ಸಮಯ ಬ್ರೋ” ಅಂತ ನೀವು ಹೇಳ್ತೀರಾ? ಹೇಳಿದ್ರೆ, ಶೀಟ್ ತಿದ್ದಿದವರ ಲೆಕ್ಕಾನ ದೇವರ ಖಾತೆಗೆ ಬರೆದ ಹಾಗಾಗುತ್ತೆ. ಭಕ್ತಿ ಥರ ಕಾಣುತ್ತೆ. ಆದ್ರೆ ಇದು ದೇವರ ಮೇಲೆ ಹೊರಿಸೋ ಅಪವಾದ ಅಂತ ನನಗನ್ಸುತ್ತೆ.

ಈಗ ಯೋಸೇಫನ ಕಥೆ ತಗೊಳ್ಳಿ. ಸಂಡೇ ಸ್ಕೂಲಿಂದ ಕೇಳ್ತಾ ಬಂದಿದ್ದೀವಿ. ಅಣ್ಣಂದಿರು ಮಾರಿದಾಗ ಹದಿನೇಳು ವರ್ಷ, ಫರೋಹನ ಮುಂದೆ ನಿಂತಾಗ ಮೂವತ್ತು. ನಡುವಿನ ಹದಿಮೂರು ವರ್ಷ ನಮ್ಮ ಕಾಯೋ ಕಾಲದ ಪೋಸ್ಟರ್. ಆದ್ರೆ ಜೈಲಲ್ಲಿ ಅವನು ಏನು ಮಾಡ್ದ ಅಂತ ಆದಿಕಾಂಡ 40 ತೆಗೆದು ಓದಿ. ಬಿಡುಗಡೆ ಆಗ್ತಿದ್ದ ಪಾನದಾಯಕನ ಹತ್ರ, ನನ್ನ ವಿಷಯ ಫರೋಹನಿಗೆ ಹೇಳು ಅಂತ ಬೇಡ್ಕೊತಾನೆ. ನಾನು ಇಲ್ಲಿ ಬೀಳೋ ಹಾಗೆ ಯಾವ ತಪ್ಪೂ ಮಾಡಿಲ್ಲ ಅಂತ ಬಾಯಿಬಿಟ್ಟು ಹೇಳ್ತಾನೆ. ಆ ಮನುಷ್ಯ ಹೋದವನು ಎರಡು ವರ್ಷ ಮರೆತೇಬಿಟ್ಟ. ನಾವಾಗಿದ್ರೆ ಇದಕ್ಕೆ “ಶಿಫಾರಸು ಹುಡುಕ್ತಿದ್ದಾನೆ, ವಿಶ್ವಾಸ ಇಲ್ಲ” ಅಂತ ಪ್ರಸಂಗ ಮಾಡ್ತಿದ್ವೋ ಏನೋ. ಸತ್ಯವೇದ ಅವನನ್ನ ಅದಕ್ಕೆ ಒಂದು ಮಾತೂ ಬಯ್ಯಲ್ಲ.

ಇದರಲ್ಲಿ ದೇವರ ಉದ್ದೇಶ ಒಳ್ಳೇದಿತ್ತು ಅನ್ನೋ ಮಾತು ಯೋಸೇಫನ ಬಾಯಲ್ಲಿ ಬರೋದು ಎಷ್ಟೋ ವರ್ಷ ಆದ್ಮೇಲೆ, ಅಣ್ಣಂದಿರ ಎದುರಿಗೆ. ಆಗ್ಲೂ ನೀವು ಮಾಡಿದ್ದು ಕೇಡು ಅಂತ ಮೊದಲು ಹೇಳಿಯೇ ಮುಂದಕ್ಕೆ ಹೋಗ್ತಾನೆ. ಇನ್ನೊಂದು ಗಮನಿಸಿ: ಅದನ್ನ ಅವನೇ ಹೇಳ್ದ, ತನ್ನ ಜೀವನದ ಬಗ್ಗೆ. ಜೈಲಿನ ಕಂಬಿ ಆಚೆ ನಿಂತು ಬೇರೆ ಯಾರೂ ಅವನಿಗೆ ಹೇಳ್ಲಿಲ್ಲ.

(3/4)

“ಹಾಗಾದ್ರೆ ದೇವರ ಸಮಯ ಅನ್ನೋದೇ ಸುಳ್ಳಾ?” ಅಂತ ಕೇಳ್ಬೇಡಿ. ನಾನು ಅದನ್ನ ನಂಬ್ತೀನಿ. ಆದ್ರೆ ನಾವು ಅದನ್ನ ಡೆಲಿವರಿ ಆ್ಯಪ್ ಥರ ಮಾಡ್ಕೊಂಡಿದ್ದೀವಿ. ಆರ್ಡರ್ ಹಾಕಿ ಆಗಿದೆ, ಸ್ವಲ್ಪ ತಡ ಆಗ್ತಿದೆ, ಬಂದೇ ಬರುತ್ತೆ ಅಂತ.

ನಮ್ಮ ಡಿಪಿ, ಕಪ್ಪು, ಗೋಡೆ ಕ್ಯಾಲೆಂಡರ್ ಎಲ್ಲದರಲ್ಲೂ ಇರೋ ಯೆರೆಮೀಯ 29:11 ನೋಡಿ. ದೇವರ ಯೋಜನೆ ನಿಮ್ಮ ಹಿತಕ್ಕೇ ಅನ್ನೋ ವಾಕ್ಯ. ಅದರ ಹಿಂದಿನ ವಾಕ್ಯ, ಹತ್ತನೇದು, ಎಷ್ಟು ಜನ ಓದಿದ್ದೀರಿ? ಅಲ್ಲಿರೋದು ಎಪ್ಪತ್ತು ವರ್ಷ. ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಪತ್ರ ಅದು. ಅದನ್ನ ಕೇಳಿಸಿಕೊಂಡ ಮೂವತ್ತು ವರ್ಷದವನೊಬ್ಬ ಮನಸ್ಸಲ್ಲೇ ಲೆಕ್ಕ ಹಾಕಿರ್ತಾನೆ: ನೂರು. ಅಂದ್ರೆ ನಾನು ವಾಪಸ್ ಊರು ನೋಡಲ್ಲ.

ಅದೇ ಪುಸ್ತಕದ 28ನೇ ಅಧ್ಯಾಯದಲ್ಲಿ ಹನನ್ಯ ಅಂತ ಒಬ್ಬ ಬರ್ತಾನೆ. ಎರಡೇ ವರ್ಷ, ಎಲ್ಲಾ ಸರಿಹೋಗುತ್ತೆ ಅಂತ ದೇವಾಲಯದಲ್ಲಿ ಎಲ್ಲರ ಮುಂದೆ ಹೇಳ್ತಾನೆ. ಜನಕ್ಕೆ ಎಷ್ಟು ಇಷ್ಟ ಆಗಿರ್ಬೇಕು! ಪಾಪ, ಯೆರೆಮೀಯನೂ ಮೊದಲು ಆಮೆನ್ ಅಂತಾನೆ, ಹಾಗೇ ಆಗಲಿ ಅಂತಾನೆ. ಆ ಆಮೆನ್ ಓದಿದಾಗೆಲ್ಲ ನನಗೆ ಸಂಕಟ ಆಗುತ್ತೆ, ಯಾಕಂದ್ರೆ ಅವನಿಗೂ ಅದೇ ಬೇಕಿತ್ತು. ಆದ್ರೆ ಸುಳ್ಳು ಪ್ರವಾದಿ ಅಂತ ಕೊನೆಗೆ ಗೊತ್ತಾಗೋದು ಬೇಗ ಆಗುತ್ತೆ ಅಂದವನೇ. “ಈ ವರ್ಷ ನಿನ್ನ ವರ್ಷ, ಟೈಪ್ ಆಮೆನ್” ಅನ್ನೋ ರೀಲ್ಸ್ ಬಂದಾಗ ಹನನ್ಯ ನೆನಪಾಗ್ತಾನೆ. ನಾನೂ ಎಷ್ಟೋ ಸಲ ಟೈಪ್ ಮಾಡಿದ್ದೀನಿ, ಸುಮ್ನೆ ಯಾಕೆ ಸುಳ್ಳು ಹೇಳ್ಲಿ.

ಎಪ್ಪತ್ತು ವರ್ಷ ಅಂತ ಹೇಳಿ ಆ ಪತ್ರ ಅಲ್ಲಿಗೇ ಬಿಡಲ್ಲ. ಮನೆ ಕಟ್ಟಿ, ತೋಟ ಹಾಕಿ, ಅದರ ಫಲ ತಿನ್ನಿ, ಮದುವೆ ಮಾಡ್ಕೊಳ್ಳಿ, ನೀವಿರೋ ಊರಿನ ಕ್ಷೇಮಕ್ಕೆ ಪ್ರಾರ್ಥನೆ ಮಾಡಿ ಅನ್ನುತ್ತೆ. ಬದುಕನ್ನ ಮುಂದಕ್ಕೆ ಹಾಕ್ಬೇಡಿ ಅಂತ ತಾನೇ ಅರ್ಥ?

(4/4)

ಇದು ನನಗೆ ಅರ್ಥ ಆಗಿದ್ದು ಪ್ರಸಂಗದಿಂದ ಅಲ್ಲ, ಅತ್ತೆ ಮನೆಯ ರೇಷ್ಮೆ ಹುಳದಿಂದ. ಈ ಕಡೆ ಹುಳ ಸಾಕೋ ಮನೆಯವರಿಗೆ ಗೊತ್ತಿರುತ್ತೆ, ಗೂಡು ಕಟ್ಟೋಕೆ ಮುಂಚೆ ಹುಳಕ್ಕೆ ನಾಲ್ಕು ಸಲ “ಜ್ವರ” ಬರುತ್ತೆ. ಕಾಯಿಲೆ ಅಲ್ಲ, ಹಳೇ ಚರ್ಮ ಕಳಚೋ ಹೊತ್ತು. ಹುಳ ತಲೆ ಎತ್ತಿ ಹಾಗೇ ಕೂತುಬಿಡುತ್ತೆ, ತಿನ್ನಲ್ಲ, ಅಲುಗಾಡಲ್ಲ. ಹೆಚ್ಚು ಕಮ್ಮಿ ಒಂದು ಹಗಲು ಒಂದು ರಾತ್ರಿ. ಚಿಕ್ಕವಳಿದ್ದಾಗ ಸತ್ತೇ ಹೋಯ್ತು ಅಂತ ನಾನು ಅತ್ತಿದ್ದೆ.

ಆ ಹೊತ್ತಲ್ಲಿ ಸೊಪ್ಪು ಹಾಕೋ ಹಾಗಿಲ್ಲ. ಮೊದಲು ಎದ್ದ ನಾಲ್ಕು ಹುಳ ನೋಡಿ ಅವಸರದಲ್ಲಿ ಸೊಪ್ಪು ಹಾಕಿದ್ರೆ, ಅವು ತಿಂದು ಮುಂದೆ ಹೋಗ್ತವೆ, ಉಳಿದವು ಹಿಂದೆ ಬೀಳ್ತವೆ, ಇಡೀ ಬೆಳೆ ಏರುಪೇರಾಗುತ್ತೆ. ಹಾಗಂತ ಅತ್ತೆ ಮಲಗ್ತಾರಾ? ಇಲ್ಲ. ಹಾಸಿಗೆ ಒಣಗಿರ್ಬೇಕು ಅಂತ ಸುಣ್ಣದ ಪುಡಿ ಉದುರಿಸ್ತಾರೆ, ಗಾಳಿ ಆಡೋಕೆ ಕಿಟಕಿ ತೆಗೀತಾರೆ, ಮನೇಲಿ ಇಲಿ ಇರುವೆ ಬಾರದ ಹಾಗೆ ನೋಡ್ಕೋತಾರೆ. ಜ್ವರ ಎಬ್ಬಿಸೋಕೆ ಅವರ ಕೈಲಿ ಆಗಲ್ಲ. ಎದ್ದಾಗ ಮನೇಲಿ ಸೊಪ್ಪು ಇರೋ ಹಾಗೆ ಮಾಡೋದು ಅವರ ಕೈಲೇ ಇದೆ. ಅವರು ನಮ್ಮ ಸಭೆಗೆ ಬರೋರಲ್ಲ, ಆದ್ರೆ ಕಾಯೋದು ಅಂದ್ರೆ ಏನು ಅಂತ ನನಗೆ ತೋರಿಸಿಕೊಟ್ಟಿದ್ದು ಅವರೇ.

ಎಲ್ಲ ಕಾಯುವಿಕೆಗೂ ಈ ಹೋಲಿಕೆ ಹೊಂದಲ್ಲ ಅನ್ನೋದೂ ನಿಜ. ಕೆಲವು ಸಲ ಹುಳಕ್ಕೆ ನಿಜವಾಗ್ಲೂ ರೋಗ ಬಂದಿರುತ್ತೆ, ಆಗ ಕಾಯ್ತಾ ಕೂತ್ರೆ ಬೆಳೆಯೇ ಹೋಗುತ್ತೆ. ಲೂಕ 18ರ ವಿಧವೆ ಹಾಗೆ. ಅವಳ ಲೇಟಿಗೆ ಕಾರಣ ಒಬ್ಬ ಅನ್ಯಾಯದ ನ್ಯಾಯಾಧಿಪತಿ. ಅವಳು ದಿನಾ ಹೋಗಿ ಅವನ ತಲೆ ತಿಂದಳು, ಯೇಸು ಅವಳನ್ನೇ ಪ್ರಾರ್ಥನೆಗೆ ಉದಾಹರಣೆ ಮಾಡಿದ್ರು. ಅರ್ಜಿ ಕೊಡೋದು, ಆರ್‌ಟಿಐ ಹಾಕೋದು, ಮತ್ತೆ ಮತ್ತೆ ಹೋಗಿ ಕೇಳೋದು, ಇದ್ಯಾವುದೂ ವಿಶ್ವಾಸಕ್ಕೆ ಎದುರಲ್ಲ.

ಹಾಗಾಗಿ ನಿಮ್ಮ ಹತ್ರ ಒಂದೇ ಕೋರಿಕೆ. “ದೇವರ ಸಮಯ” ಅನ್ನೋ ಮಾತನ್ನ ನಿಮಗೆ ನೀವು ಹೇಳ್ಕೊಳ್ಳಿ, ರಾತ್ರಿ ನಿದ್ದೆ ಬರದಿದ್ದಾಗ ಹೇಳ್ಕೊಳ್ಳಿ. ನಾನೂ ಹೇಳ್ಕೋತೀನಿ. ಇನ್ನೊಬ್ಬರ ಸ್ಟೋರಿಗೆ ರಿಪ್ಲೈ ಆಗಿ ಹಾಕೋಕೆ ಮುಂಚೆ ಮಾತ್ರ, ಅವರಿಗೆ ಇವತ್ತು ಏನು ಬೇಕು ಅಂತ ಕೇಳಿ.

ನಾನು ಕೇಳೋಕೆ ಹನ್ನೊಂದು ದಿನ ತಗೊಂಡೆ. “ಅಕ್ಕ ಸಾರಿ, ಅವತ್ತು ಹಾಗೆ ಹೇಳ್ಬಾರದಿತ್ತು. ಏನಾದ್ರೂ ಹೆಲ್ಪ್ ಬೇಕಾ?” ಅಂತ ಮೆಸೇಜ್ ಮಾಡಿದೆ. ಅವರು ಏನೂ ಬರೀಲಿಲ್ಲ, ಮೂರು ಪಿಡಿಎಫ್ ಕಳಿಸಿದ್ರು. ಹಳೇ ಪ್ರಶ್ನೆ ಪತ್ರಿಕೆಗಳು, ಒಟ್ಟು ನೂರಾ ಹದಿನಾಲ್ಕು ಪುಟ. ಬಸ್ ಸ್ಟ್ಯಾಂಡ್ ಹತ್ರ ಪ್ರಿಂಟ್ ತೆಗೆಸಿ, ಎರಡೂ ಬದಿ, ಭಾನುವಾರ ಆರಾಧನೆ ಮುಗಿದ ಮೇಲೆ ಕೊಟ್ಟೆ. “ಸ್ಪೈರಲ್ ಹಾಕ್ಸಿಲ್ವಾ?” ಅಂತ ಕೇಳಿದ್ರು.