ನೆತ್ತಿಗೆ ಹತ್ತುವ ತುತ್ತು

ಊಟದ ನಡುವೆ ಹಿರಿಯರಿಗೆ ಕೆಮ್ಮು ಬಂದರೆ ‘ನೆತ್ತಿಗೆ ಹತ್ತಿತು, ಯಾರೋ ನೆನೆಸಾಕತ್ತಾರ’ ಎಂದು ತಲೆ ತಟ್ಟಿ ನೀರು ಕೊಡುವುದು ನಮ್ಮ ಹೂಲಿ–ಸವದತ್ತಿ ಸೀಮೆಯ ರೂಢಿ. ಅಪರೂಪಕ್ಕೆ ಹಾಗಾದರೆ ಚಿಂತೆಯಿಲ್ಲ. ಆದರೆ ದಿನವೂ, ಅದರಲ್ಲೂ ನೀರು ಕುಡಿಯುವಾಗಲೇ ಹಾಗಾಗುತ್ತಿದ್ದರೆ ಸುಮ್ಮನಿರುವುದು ಸಲ್ಲದು. ಅನ್ನನಾಳಕ್ಕೆ ಇಳಿಯಬೇಕಾದುದು ಶ್ವಾಸನಾಳದತ್ತ ಹೊರಳುತ್ತಿರಬಹುದು.

ಆಯುರ್ವೇದವು ಉಸಿರಾಟವನ್ನೂ ಅನ್ನಪ್ರವೇಶವನ್ನೂ ಪ್ರಾಣವಾಯುವಿನ ಕಾರ್ಯಗಳೆಂದೇ ಹೇಳಿದೆ. ತುತ್ತು ಇಳಿಯುವ ಕ್ಷಣದಲ್ಲಿ ಉಸಿರು ತಡೆದು ನಿಲ್ಲಬೇಕು. ಪಾರ್ಶ್ವವಾಯು, ಕಂಪವಾತ, ಮರೆವಿನ ಕಾಯಿಲೆ ಇರುವವರಲ್ಲಿ ಈ ಹೊಂದಾಣಿಕೆ ತಪ್ಪುತ್ತದೆ. ಆಗ ಆಹಾರವೂ ಜೊಲ್ಲೂ ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗಬಹುದು. ಕೆಲವರಿಗೆ ಕೆಮ್ಮು ಕೂಡ ಬಾರದು. ನುಂಗಲಾಗದ ಸಂಕಟವನ್ನು ಹೇಳಿಕೊಳ್ಳಲು ಸಂಕೋಚಪಟ್ಟು, ‘ಸಾಕು’ ಎಂದು ತಟ್ಟೆ ಸರಿಸುವವರುಂಟು. ನೋಡುವವರು ಅದನ್ನು ಮುನಿಸೆಂದೋ ಮುಪ್ಪೆಂದೋ ತಿಳಿಯುತ್ತಾರೆ.

2007ರ ಹಿರಿಯ ನಾಗರಿಕರ ಕಾಯ್ದೆಯು ಪ್ರತಿ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ನಿರ್ಗತಿಕ ಹಿರಿಯರಿಗೆ ಆಶ್ರಯ ಕೊಡುವ ವೃದ್ಧಾಶ್ರಮವನ್ನು ಕಲ್ಪಿಸಿದೆ. ಅಲ್ಲಿನ ವೈದ್ಯಕೀಯ ಸೇವೆಯ ಮಟ್ಟವನ್ನು ಸರ್ಕಾರ ಗೊತ್ತುಪಡಿಸಬಹುದೆಂದೂ ಹೇಳಿದೆ. ರಕ್ತದೊತ್ತಡ, ಸಕ್ಕರೆಗಳ ಜೊತೆಗೆ ನುಂಗುವಿಕೆಯ ತಪಾಸಣೆಯೂ ಆ ಸೇವೆಯಲ್ಲಿ ಸೇರಬೇಕು ಎಂಬುದು ನಮ್ಮ ಅಭಿಪ್ರಾಯ. ಆಶ್ರಮಕ್ಕೆ ಸೇರಿದ ದಿನ ಒಮ್ಮೆ, ಯಾವುದೇ ದೊಡ್ಡ ಕಾಯಿಲೆಯ ನಂತರ ಮತ್ತೊಮ್ಮೆ ಅದು ನಡೆಯಬೇಕು.

ಸಿಬ್ಬಂದಿ ಕಡಿಮೆ ಎಂಬ ಆಕ್ಷೇಪವುಂಟು. ಆದರೆ ಈ ತಪಾಸಣೆಗೆ ಯಂತ್ರ ಬೇಡ. ತರಬೇತಿ ಪಡೆದ ದಾದಿಯೊಬ್ಬರು ಸಾಕು. ಎಚ್ಚರವಾಗಿದ್ದು ನೆಟ್ಟಗೆ ಕೂರಬಲ್ಲವರಿಗೆ ಮೊದಲು ಒಂದೊಂದೇ ಚಮಚ ನೀರು ಕೊಡಬೇಕು. ತೊಂದರೆ ಕಾಣದಿದ್ದರೆ ಸುಮಾರು 90 ಮಿ.ಲೀ. ನೀರನ್ನು ನಿಲ್ಲಿಸದೆ ಕುಡಿಯಲು ಹೇಳಿ, ಬಳಿಕ ಒಂದು ನಿಮಿಷ ಗಮನಿಸಬೇಕು. ಕೆಮ್ಮು ಬಂದರೆ, ನಡುವೆ ನಿಲ್ಲಿಸಿದರೆ, ದನಿ ಗೊರಗೊರ ಎಂದರೆ ಗಂಟಲು ತಜ್ಞರಿಗೆ ತೋರಿಸಬೇಕು. ಕೆಮ್ಮಿಲ್ಲದೆಯೇ ಪದೇಪದೇ ಜ್ವರ, ಕಫ, ತೂಕ ಇಳಿಕೆ ಕಂಡರೂ ತೋರಿಸಬೇಕು. ಇಂಥವರಿಗೆ ಪರೀಕ್ಷೆಗೆ ಮೊದಲೇ ಕಷಾಯ ಕುಡಿಸುವುದೂ ಅಪಾಯವೆಂದು, ಆಯುರ್ವೇದ ವೈದ್ಯರಾದ ನಾವು ಒತ್ತಿ ಹೇಳುತ್ತೇವೆ.

ತಪಾಸಣೆಯ ಉದ್ದೇಶ ಅನ್ನ ತಪ್ಪಿಸುವುದಲ್ಲ, ಹದ ಬದಲಿಸುವುದು. ತೆಳು ಮಜ್ಜಿಗೆ ನೆತ್ತಿಗೆ ಹತ್ತುವವರಿಗೆ ಗಟ್ಟಿ ಅಂಬಲಿ ಇಳಿಯಬಹುದು. ಖಟಕ ರೊಟ್ಟಿ ಒಲ್ಲದವರು ಮೆತ್ತಗಿನ ನುಚ್ಚು ಉಣ್ಣಬಹುದು. ಯಾರಿಗೆ ಯಾವ ಹದವೆಂಬುದನ್ನು ತಜ್ಞರು ಹೇಳಬೇಕು. ಮಲಗಿಸಿ ಉಣಿಸಬಾರದು, ಊಟದ ನಂತರ ಅರ್ಧ ತಾಸು ಕುಳ್ಳಿರಿಸಬೇಕು, ಬಾಯಿಯನ್ನು ದಿನವೂ ಶುಚಿಗೊಳಿಸಬೇಕು.

ಭಕ್ತರಲ್ಲಿ ಒಂದು ವಿನಂತಿ. ಹಿರಿಯರ ಪುಣ್ಯಸ್ಮರಣೆಗೆ ವೃದ್ಧಾಶ್ರಮದಲ್ಲಿ ಹೋಳಿಗೆ, ಬುಂದಿ ಲಾಡು ಬಡಿಸುವ ಮುನ್ನ, ಅಲ್ಲಿ ಯಾರಿಗೆ ಯಾವುದು ನುಂಗಲು ಬರುತ್ತದೆಯೆಂದು ದಯವಿಟ್ಟು ವಿಚಾರಿಸಿರಿ. ಆ ಪ್ರಶ್ನೆಗೆ ಉತ್ತರ ಸಿಗದಿದ್ದರೆ, ಮುಂದಿನ ವರ್ಷದ ದಾನವನ್ನು ಈ ತಪಾಸಣೆಗೇ ಮೀಸಲಿಡಿರಿ.