ಮೂಗು ಮುಟ್ಟಿಸಿದ ಸುದ್ದಿ

ಹೂವಿನಹಡಗಲಿ ಕಡೆಯಿಂದ ನಮ್ಮ ಕೊಟ್ಟೂರಿಗೆ ಬರುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತರೂ ಮಲ್ಲಿಗೆ ಬುಟ್ಟಿ ಹತ್ತಿದ್ದು ನನಗೆ ಗೊತ್ತಾಗುತ್ತಿತ್ತು. ಅದು ಹಿಂದಿನ ಮಾತು, ಮಕ್ಕಳೇ. ಈಗ ಬುಟ್ಟಿ ಪಕ್ಕದಲ್ಲಿದ್ದರೂ ಕಣ್ಣಿಗೆ ಕಂಡ ಮೇಲೇ ತಿಳಿಯುವುದು.

ಹೋದ ವಾರ ಚಹಾಕ್ಕೆ ಹಾಲಿಟ್ಟು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದೆ. ಹಾಲು ಉಕ್ಕಿ ಉರಿ ಆರಿಹೋಗಿದೆ. ನನಗೆ ಗೊತ್ತೇ ಆಗಿಲ್ಲ. ಶಾಲೆಯಿಂದ ಬಂದ ಮೊಮ್ಮಗಳು ಬಾಗಿಲಲ್ಲೇ, "ಅಜ್ಜಾ, ಗ್ಯಾಸ್ ವಾಸ್ನಿ ಬರಾಕತ್ತೈತಿ!" ಎಂದು ಕೂಗಿದಳು. ಓಡಿಹೋಗಿ ಗ್ಯಾಸ್ ಬಂದ್ ಮಾಡಿದಳು, ಕಿಟಕಿ ತೆರೆದಳು. ನಾನು ಫ್ಯಾನ್ ಹಾಕಲು ಸ್ವಿಚ್‌ಗೆ ಕೈ ಚಾಚಿದೆ. "ಬ್ಯಾಡ ಅಜ್ಜಾ, ಕಿಡಿ ಹಾರ್ತೈತಿ!" ಎಂದು ಕೈ ಹಿಡಿದಳು.

ಆ ಕ್ಷಣದಲ್ಲಿ ಅವಳ ತಲೆಯೊಳಗೆ ನಡೆದದ್ದೇನು? ಸೋರಿದ್ದು ತಿಳಿಯಲೆಂದೇ ಅಡುಗೆ ಅನಿಲಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತು ಬೆರೆಸುತ್ತಾರೆ. ಅದರ ಕಣಗಳು ಮೂಗಿನ ಮೇಲ್ಭಾಗದ ನರಕೋಶಗಳನ್ನು ಮುಟ್ಟುತ್ತವೆ. ಅಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಕೆಲವೇ ಅಕ್ಷರ ಕೂಡಿಸಿ ಸಾವಿರಾರು ಪದ ಓದುತ್ತೇವಲ್ಲ, ಹಾಗೆಯೇ ಯಾವ ಯಾವ ಗ್ರಾಹಕಗಳು ಒಟ್ಟಿಗೆ ಎಚ್ಚೆತ್ತವು ಎಂಬುದರಿಂದ ಮಿದುಳು ವಾಸನೆಯನ್ನು ಓದುತ್ತದೆ. ಈ ಗ್ರಾಹಕಗಳನ್ನು ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು.

ಸುದ್ದಿ ಅಲ್ಲಿಂದ ನೆನಪಿನ ಜಾಗಕ್ಕೂ ಭಯದ ಜಾಗಕ್ಕೂ ಹೋಗುತ್ತದೆ. 'ಇದು ಗ್ಯಾಸ್' ಎಂದು ಅವಳ ಅವ್ವ ಹಿಂದೆ ಹೇಳಿಕೊಟ್ಟಿದ್ದು ನೆನಪಿತ್ತು. ಅದಕ್ಕೇ ಕೈಕಾಲಿಗೆ ತಕ್ಷಣ ಅಪ್ಪಣೆಯಾಯಿತು. ವಾಸನೆ ಹಿಡಿಯುವುದು ಮೂಗು, ಅರ್ಥ ಹಚ್ಚುವುದು ಮಿದುಳು.

ವಾಸನೆ ಯಾವ ಕಡೆಯಿಂದ ಬಂತೆಂದೂ ಮಿದುಳು ಲೆಕ್ಕ ಹಾಕಬಲ್ಲದು. ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯಲ್ಲಿ ಉಪಿಂದರ್ ಭಲ್ಲಾ ಮತ್ತು ಸಂಗಡಿಗರು ಇದನ್ನು ಇಲಿಗಳಲ್ಲಿ ತೋರಿಸಿ 2006ರಲ್ಲಿ ಪ್ರಕಟಿಸಿದರು. ವಾಸನೆ ಎಡದಿಂದ ಬಂದರೆ ಎಡಕ್ಕೆ, ಬಲದಿಂದ ಬಂದರೆ ಬಲಕ್ಕೆ ತಿರುಗಿದ ಇಲಿಗೆ ಕುಡಿಯಲು ನೀರು. ಒಂದೆರಡು ಸಲ ಮೂಸಿ ಅವು ದಿಕ್ಕು ಹೇಳುತ್ತಿದ್ದವು. ಒಂದು ಹೊಳ್ಳೆ ಮುಚ್ಚಿದರೆ ಮಾತ್ರ ತಪ್ಪುತ್ತಿದ್ದವು. ಎರಡು ಹೊಳ್ಳೆಯ ಸುದ್ದಿಯನ್ನು ಹೋಲಿಸಿ ನೋಡುವುದೇ ಅದರ ಗುಟ್ಟು.

ಮುಪ್ಪಿನಲ್ಲಿ ಕಣ್ಣು ಕಿವಿಯಂತೆ ಮೂಗೂ ಮಂದವಾಗುತ್ತದೆ. ಕನ್ನಡಕ ಬೇಕೆಂದು ತಿಳಿಯುತ್ತದೆ, ಮೂಗಿನದು ತಿಳಿಯುವುದೇ ಇಲ್ಲ. ಈ ಭಾನುವಾರ ನಿಮ್ಮ ಅಜ್ಜ ಅಜ್ಜಿಯ ಕಣ್ಣಿಗೆ ಬಟ್ಟೆ ಕಟ್ಟಿ, ಮಲ್ಲಿಗೆ, ಇಂಗು, ಕಾಫಿಪುಡಿ ಒಂದೊಂದಾಗಿ ಹಿಡಿಯಿರಿ. ಗುರುತು ಹತ್ತದಿದ್ದರೆ ನಗಬೇಡಿ. ಡಾಕ್ಟರಿಗೆ ತೋರಿಸಲು ಮನೆಯವರಿಗೆ ಹೇಳಿ. ಅಲ್ಲಿಯವರೆಗೆ ಒಲೆಯ ಕಡೆ ನಿಮ್ಮ ಮೂಗು ಇರಲಿ.

ನಮ್ಮ ಮನೆಯಲ್ಲಿ ಈಗ ಹಾಗೇ ಆಗಿದೆ. ನಾನು ಒಲೆ ಹಚ್ಚಿದರೆ ಸಾಕು, ಅವಳು ಪುಸ್ತಕ ಹಿಡಿದು ಅಡುಗೆಮನೆಗೇ ಬಂದು ಕೂರುತ್ತಾಳೆ.