ಗಾಯರಾಣ ಉಳಿಯದೆ ರೈತ ಉಳಿಯಲಾರ



2024ರ ಸುಗ್ಗಿಯಲ್ಲಿ ಸೋಯಾಕ್ಕೆ ಕೇಂದ್ರ ಸರಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 4,892 ರೂಪಾಯಿ. ಪೇಟೆಯೊಳಗೆ ದಲ್ಲಾಳಿ ಕೂಗಿದ್ದು ಅದಕ್ಕಿಂತ ಕೆಳಗೆ. ನ್ಯಾಯದ ಬೆಲೆಗಾಗಿ ಹೋರಾಟ ನಡೆಯಲೇಬೇಕು. ಆದರೆ ರೈತ ಸಾಲಕ್ಕೆ ಬೀಳುವುದು ಪೇಟೆಯಲ್ಲಿ ಮಾತ್ರವೇ? ಬಿತ್ತುವ ಮೊದಲೇ ಗೊಬ್ಬರದ ಅಂಗಡಿಯಲ್ಲಿ, ಟ್ರ್ಯಾಕ್ಟರ್ ಬಾಡಿಗೆಯಲ್ಲಿ, ಮೇವಿನ ಖರೀದಿಯಲ್ಲಿ ಅರ್ಧ ಸಾಲ ಆಗಿಯೇ ಹೋಗಿರುತ್ತದೆ. ಗೊಬ್ಬರ, ಎತ್ತು, ಮೇವು ಈ ಮೂರೂ ಒಂದು ಕಾಲಕ್ಕೆ ಊರೊಳಗೇ ಸಿಗುತ್ತಿದ್ದವು. ಅದಕ್ಕೆ ಬುಡ ಊರ ಗಾಯರಾಣ.

ಬಸವಕಲ್ಯಾಣ, ಹುಮನಾಬಾದ ಸೀಮೆಯ ಹಳೇ ಲೆಕ್ಕ ಎಲ್ಲರಿಗೂ ಗೊತ್ತಿದ್ದದ್ದೇ. ಜೋಳ ಮನೆಗೆ, ಕಣಕಿ ದನಕ್ಕೆ. ದನ ಗಾಯರಾಣದಾಗ ಮೇಯ್ದು ಬಂದರೆ ತಿಪ್ಪಿ ಬೆಳೆಯುತ್ತಿತ್ತು. ಎರೆ ಹೊಲಕ್ಕೆ ದೇವಣಿ ಎತ್ತು ಇತ್ತು. ಸುಗ್ಗಿ ಮುಗಿದ ಮೇಲೆ ಕುರುಬರು, ಗಡಿಯಾಚೆಯ ಧನಗರರು ಹಿಂಡು ತಂದು ರಾತ್ರಿ ಹೊಲದಾಗ ತರುಬುತ್ತಿದ್ದರು. ಹಿಕ್ಕೆಯ ಜೊತೆಗೆ ಉಚ್ಚೆಯೂ ನೇರ ಮಣ್ಣಿಗೆ ಇಳಿಯುತ್ತಿತ್ತು. ಗೊಬ್ಬರದ ಸತ್ವ ಬಹಳಷ್ಟು ಇರುವುದೇ ಅದರಲ್ಲಿ. ತಿಪ್ಪಿಯಲ್ಲಿ ಆದರೆ ಅದು ಗಾಳಿಗೆ, ಮಳೆಗೆ ಹೋಗುತ್ತದೆ. ಈ ಕೆಲಸಕ್ಕೆ ರೈತ ಜೋಳ ಅಳೆದು ಕೊಡುತ್ತಿದ್ದ. ರೊಕ್ಕ ಊರು ದಾಟುತ್ತಿರಲಿಲ್ಲ.

ಈಗೇನಾಗ್ಯದ? ಜೋಳದ ಹೊಲಕ್ಕೆ ಸೋಯಾ ಬಂತು, ಕಣಕಿ ಹೋಯಿತು. ಸೋಯಾ ಹೊಟ್ಟು ಕಣಕಿಗೆ ಸಮ ಅಲ್ಲ. ಮೇವಿಲ್ಲದೆ ದನ ಮಾರಿದೆವು, ದನ ಇಲ್ಲದೆ ಚೀಲದ ಗೊಬ್ಬರಕ್ಕೆ ಕೈ ಒಡ್ಡಿದೆವು. ಡಿಎಪಿ ಚೀಲ 2022ರಲ್ಲಿ 1,350 ರೂಪಾಯಿಗೆ ಏರಿತು.

ನೀರಿನ ಮಾತೂ ಇದೇ. ನಮ್ಮ ಜಿಲ್ಲೆಗೆ ವರ್ಷಕ್ಕೆ 800 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಬಿದ್ದ ನೀರು ನಿಲ್ಲುವುದಿಲ್ಲ, ಅದೇ ಗೋಳು. ಬೀದರ, ಹುಮನಾಬಾದ ಕಡೆಯ ಕೆಂಪು ಕಲ್ಲಿನ ಮರಡಿ ಮಳೆಯನ್ನು ಹೀರಿ, ಕೆಳಗಿನ ಗಟ್ಟಿ ಪದರದ ಮೇಲೆ ಹರಿಸಿ, ಬಾವಿಗೆ ಬಿಡುತ್ತದೆ. ಬಹಮನಿ ಕಾಲದವರು ಬೀದರದ ನೌಬಾದಿನಲ್ಲಿ ಸುರಂಗ ಬಾವಿ ತೋಡಿದ್ದು ಈ ಗುಟ್ಟು ತಿಳಿದೇ. ಹುಲ್ಲಿದ್ದ ಮರಡಿ ನೀರು ಹಿಡಿಯುತ್ತದೆ. ಅದನ್ನು ಕೆತ್ತಿ ಬೋಳು ಮಾಡಿದರೆ ಮಣ್ಣು ಸಹಿತ ಕೊಚ್ಚಿ ಹಳ್ಳ ಸೇರುತ್ತದೆ. 2016ರ ಏಪ್ರಿಲಿನಲ್ಲಿ ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ತಂದರು. ನಮಗೂ ಆ ಗತಿ ಬರಬೇಕೆ?

ಕಾನೂನು ಇಲ್ಲವೇ? ಇದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮ ನೂರು ದನಕ್ಕೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ ಗೋಮಾಳ ಇಡಬೇಕೆನ್ನುತ್ತದೆ. 500 ದನ ಇರುವ ಊರಿಗೆ 150 ಎಕರೆ. ನಿಮ್ಮ ಊರಲ್ಲಿ ಎಷ್ಟು ಉಳಿದಿದೆ, ಎಣಿಸಿ ನೋಡಿ. ಊರ ಸಾಮೂಹಿಕ ಭೂಮಿಯ ಒತ್ತುವರಿ ತೆರವು ಮಾಡಿಸಬೇಕೆಂದು ಸುಪ್ರೀಂ ಕೋರ್ಟು 2011ರಲ್ಲೇ ಎಲ್ಲ ರಾಜ್ಯಗಳಿಗೂ ಹೇಳಿತು.

ಕಹಿ ಮಾತೊಂದು ಆಡಲೇಬೇಕು. ಗಾಯರಾಣ ನುಂಗಿದವರಲ್ಲಿ ಸರಕಾರದ ಜೊತೆ ನಮ್ಮ ಹೊಲದವರೂ ಇದ್ದಾರೆ. ಹೊಟ್ಟೆಪಾಡಿಗೆ ಎರಡು ಎಕರೆ ಉಳುವ ಭೂಹೀನನ ಮೇಲೆ ನಮ್ಮ ಸಿಟ್ಟಿಲ್ಲ. ಸ್ವಂತ ಹೊಲ ಇದ್ದೂ ಬದು ಸರಿಸಿದವರನ್ನು ಕೇಳುತ್ತೇವೆ: ಲಾಭ ಏನಾಯಿತು? ಆ ನೆಲಕ್ಕೆ ಪಹಣಿ ಇಲ್ಲ, ಪಹಣಿ ಇಲ್ಲದೆ ಬ್ಯಾಂಕಿನ ಬೆಳೆಸಾಲ ಇಲ್ಲ. ಸಾವಕಾರನ ಹತ್ತಿರ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ತಂದರೆ ವರ್ಷಕ್ಕೆ 36 ರೂಪಾಯಿ. ಮರಡಿ ನೆಲ ಅಷ್ಟು ಬೆಳೆದು ಕೊಡುತ್ತದೆಯೇ?

ಇನ್ನು ಕುರಿಗಾರ. ಮೇಯುವ ನೆಲ ಹೋದ ಮೇಲೆ ಅವನ ಹಿಂಡು ಬೆಳೆಗೆ ಬೀಳುತ್ತದೆ, ಜಗಳ ಹತ್ತುತ್ತದೆ. ಬೆಳೆ ಹಾಳಾದರೆ ನಷ್ಟ ಕೇಳುವುದು ರೈತನ ಹಕ್ಕು. ಆದರೆ ಹಿಂಡಿನ ದಾರಿಗೇ ಮುಳ್ಳು ಹಚ್ಚಿದರೆ ನಾಳೆ ಗೊಬ್ಬರಕ್ಕೆ ಯಾರನ್ನು ಕರೆಯುತ್ತೀರಿ? 12ನೇ ಶತಮಾನದಲ್ಲಿ ದನ ಕಾಯುವ ತುರುಗಾಹಿ ರಾಮಣ್ಣ ಈ ಕಲ್ಯಾಣದಲ್ಲಿ ಶರಣರ ಸಾಲಿನಲ್ಲಿ ಕೂತು ವಚನ ಬರೆದ. ಅದೇ ನೆಲದಲ್ಲಿ ನಾವು ಕುರಿಗಾರನಿಗೆ ಬಡಿಗೆ ತೋರಿಸುವುದು ಶೋಭೆಯಲ್ಲ.

ಮುಂದಿನ ಗ್ರಾಮಸಭೆಯಲ್ಲಿ ನಾಲ್ಕು ಠರಾವು ಮಾಡಿಸಿರಿ. ಒಂದು, ಗಾಯರಾಣದ ಸರ್ವೆ ಆಗಿ ಗಡಿಕಲ್ಲು ನಡಬೇಕು. ಎರಡು, ಉಳಿದದ್ದನ್ನು ಯಾವ ಕಂಪನಿಗೂ, ಯಾವ ಪುಢಾರಿಗೂ ಕೊಡಕೂಡದು. ಮೂರು, ಹಿಂಡಿನ ದಾರಿ, ದನದ ನೀರಿನ ಹೊಂಡ ಬಿಡಿಸಬೇಕು. ನಾಲ್ಕು, ಮಳೆಗಾಲದಲ್ಲಿ ಗಾಯರಾಣದ ಒಂದೊಂದು ಭಾಗಕ್ಕೆ ಸರದಿಯಂತೆ ಮೇವು ಬಂದ್ ಮಾಡಿ ಹುಲ್ಲು ಬೆಳೆಯಗೊಡಬೇಕು. ಇದರ ಜೊತೆಗೆ ಹತ್ತು ಎಕರೆ ಇದ್ದವರು ಎರಡು ಎಕರೆಯಾದರೂ ಜೋಳಕ್ಕೆ ಇಡಿರಿ.

ಬೆಲೆ ಕೊಡುವುದು ಸರಕಾರದ ಕೈಯಲ್ಲಿದೆ, ಅದಕ್ಕೆ ಬೀದಿಗೆ ಇಳಿಯೋಣ. ಖರ್ಚು ಇಳಿಸುವುದು ಊರಿನ ಕೈಯಲ್ಲಿದೆ, ಅದಕ್ಕೆ ಗಾಯರಾಣದ ಕಡೆ ನಡೆಯೋಣ.